ಆನ್‌ಲೈನ್ ಹರಾಜಿನಲ್ಲಿ ಹಳೇ ಮೈಸೂರು ವೀಣೆ: ಅಸಲಿ ಯಾವುದು, ನಕಲಿ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನ ಅಗ್ರಹಾರದವಳು. ವೀಣೆ ಕಲಿತದ್ದು ಸೋದರತ್ತೆಯ ಹತ್ತಿರ. ಮನೆಗೆ ಮೇಳ ಕಟ್ಟಲು (ಮೇಣದಲ್ಲಿ ಮೆಟ್ಟಿಲು ಕೂರಿಸಲು) ಬರುತ್ತಿದ್ದ ಹಿರಿಯರ ಪಕ್ಕ ಕೂತು ಮೇಣ ಕಾಯಿಸಿಕೊಡುತ್ತಾ ವಾದ್ಯದ ಒಳಗುಟ್ಟು ಅಷ್ಟಿಷ್ಟು ತಿಳಿದುಕೊಂಡೆ. ಈಗ ಫೋಟೊ ಕಳಿಸಿ "ಇದು ನಿಜವಾಗ್ಲೂ ಹಳೇದಾ, ಸ್ವಲ್ಪ ನೋಡಿ ಹೇಳಿ" ಎಂದು ಕೇಳುವವರು ತುಂಬ ಜನ. ಹರಾಜು ಮುಗಿಯಲು ಅರ್ಧ ಗಂಟೆ ಇರುವಾಗ ಕೇಳಿದರೆ ನಿಧಾನವಾಗಿ ವಿವರಿಸಲು ಆಗುವುದಿಲ್ಲ. ಅದಕ್ಕೇ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ನಕಲಿ ವೀಣೆ ಅಂತಲೂ ಇರುತ್ತದೆಯೇ? ವೀಣೆ ಅಂದರೆ ವೀಣೆ ಅಲ್ಲವೇ?

ಮೋಸ ಮೂರು ಬಗೆಯದು. ಒಂದು, ಅದು ನುಡಿಸುವ ವೀಣೆಯೇ ಅಲ್ಲ, ಷೋಕೇಸಿಗೆಂದು ಮಾಡಿದ್ದು. ಎರಡು, ಹೊಸ ವೀಣೆಗೆ ಬಣ್ಣ ಬಳಿದು ಹಳೆಯದೆಂದು ಮಾರುವುದು. ಮೂರು, ವೀಣೆ ಹಳೆಯದೇ, ಆದರೆ ಅದಕ್ಕೆ ಅಂಟಿಸಿದ ಕಥೆ ಸುಳ್ಳು: ಅರಮನೆಯದು, ಆಸ್ಥಾನ ವಿದ್ವಾಂಸರದು, ಇತ್ಯಾದಿ. ಮೊದಲನೆಯದನ್ನು ಫೋಟೊದಲ್ಲೇ ಹಿಡಿಯಬಹುದು. ಎರಡನೆಯದಕ್ಕೆ ಸರಿಯಾದ ಜಾಗದ ಫೋಟೊ ಬೇಕು. ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಮೂರನೆಯದರಲ್ಲಿ, ಯಾಕೆಂದರೆ ಅಲ್ಲಿ ಕೈಯಲ್ಲಿರುವ ವಸ್ತು ಸುಳ್ಳು ಹೇಳುತ್ತಿರುವುದಿಲ್ಲ.

ಫೋಟೊ ಕಂಡ ಕೂಡಲೇ ಮೊದಲು ಏನು ನೋಡಬೇಕು?

ತಂತಿಯ ಕೆಳಗೆ ಅಡ್ಡಕ್ಕೆ ಸಾಲಾಗಿ ಕೂತ ಮೆಟ್ಟಿಲು ಎಣಿಸಿ. 24 ಇರಬೇಕು. ತಂತಿ ಬಿಗಿಸುವ ಬಿರಡೆ ಎಣಿಸಿ. 7 ಇರಬೇಕು: ಸಾರಣಿ, ಪಂಚಮ, ಮಂದ್ರ, ಅನುಮಂದ್ರ ಎಂದು ನುಡಿಸುವ ತಂತಿ ನಾಲ್ಕು, ಪಕ್ಕದಲ್ಲಿ ತಾಳದ ತಂತಿ ಮೂರು. ಮೆಟ್ಟಿಲುಗಳು ಕಪ್ಪು ಮೇಣದ ಎರಡು ದಿಂಡುಗಳ ಮೇಲೆ ಕೂತಿರಬೇಕು. ಮೆಟ್ಟಿಲನ್ನು ನೇರವಾಗಿ ಮರಕ್ಕೆ ಅಂಟಿಸಿದ್ದರೆ, ಹದಿನೈದೋ ಹದಿನೆಂಟೋ ಇದ್ದರೆ, ಅದು ಅಲಂಕಾರದ ವಸ್ತು. ಅಂಥದ್ದನ್ನು ಮಾಡುವವರದೂ ಒಳ್ಳೆಯ ಕೈಕೆಲಸವೇ, ಮನೆಯಲ್ಲಿಟ್ಟರೆ ಚಂದ. ಆದರೆ ಅದರಲ್ಲಿ ಸ್ವರ ಕೂರುವುದಿಲ್ಲ.

ಸಿತಾರನ್ನೇ "ಹಳೇ ವೀಣೆ" ಎಂದು ಹಾಕಿರುವುದನ್ನೂ ಕಂಡಿದ್ದೇನೆ. ಸಿತಾರಿನ ಮೆಟ್ಟಿಲು ಬಾಗಿರುತ್ತವೆ, ದಾರದಲ್ಲಿ ಕಟ್ಟಿರುತ್ತವೆ, ಸರಿಸಬಹುದು. ನಮ್ಮ ವೀಣೆಯವು ನೇರ, ಮೇಣದಲ್ಲಿ ಭದ್ರ.

ಮಾರುವವರು ಚೆನ್ನಾಗಿ ಮಾತಾಡುತ್ತಾರೆ, ಅಜ್ಜಿಯ ಕಾಲದ್ದು ಅನ್ನುತ್ತಾರೆ. ನಂಬಬಹುದೇ?

ನಾನು ನಂಬಿದ್ದೆ. ಹನ್ನೊಂದು ವರ್ಷದ ಹಿಂದಿನ ಮಾತು. "ನೂರು ವರ್ಷದ ಅರಮನೆ ವೀಣೆ, ಮನೆ ಖಾಲಿ ಮಾಡುತ್ತಿದ್ದೇವೆ" ಎಂದಿತ್ತು. ಫೋನಿನಲ್ಲಿ ಮಾತಾಡಿದವರ ದನಿಯಲ್ಲಿ ಬೇಸರವಿತ್ತು, ನನಗೂ ಕರುಳು ಚುರುಕ್ ಎಂದಿತು. ಇದ್ದ ಉಳಿತಾಯ ಹಾಕಿ ಹರಾಜು ಕೂಗಿದೆ.

ವೀಣೆ ಬಂತು. ಹೊದಿಕೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡೆ. ಹತ್ತು ನಿಮಿಷ ನುಡಿಸುವಷ್ಟರಲ್ಲಿ ಎಡಗೈ ಹೆಬ್ಬೆರಳ ಬುಡದಲ್ಲಿ ಕಂದು ಬಣ್ಣ ಮೆತ್ತಿಕೊಂಡಿತ್ತು, ಸೀರೆಯ ನೆರಿಗೆಗೂ ಹತ್ತಿತ್ತು. ಯಾಳಿಯ (ವೀಣೆಯ ತುದಿಯಲ್ಲಿ ಕೆತ್ತಿದ ಮೃಗಮುಖ) ಹತ್ತಿರ ತಂತಿ, ಮೇಣ ಇಟ್ಟುಕೊಳ್ಳುವ ಪುಟ್ಟ ಪೆಟ್ಟಿಗೆ ಇರುತ್ತದಲ್ಲ, ಅದರ ಮುಚ್ಚಳ ತೆಗೆದೆ. ಒಳಗೆ ಹಲಸಿನ ಮರ ಅರಿಶಿನದ ಹಾಗೆ ಹಳದಿಯಾಗಿ ಹೊಳೆಯುತ್ತಿತ್ತು. ಮುಚ್ಚಳದ ಹಿಂಜಿಗೆ ಪ್ಲಸ್ ಗುರುತಿನ ಸ್ಕ್ರೂ. ಅತ್ತೆ ಬಂದು ನೋಡಿ, "ಇದಕ್ಕೆ ಇನ್ನೂ ಹಾಲುಹಲ್ಲು ಬಿದ್ದಿಲ್ಲ ಕಣೇ" ಅಂದರು. ಆ ಮೇಲೆ ಆ ನಂಬರಿಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

ಅಂದಿನಿಂದ ನಾನು ಕಥೆ ಕೇಳುವುದನ್ನು ಬಿಟ್ಟಿದ್ದೇನೆ. ಕೈ ತಾಗುವ ಜಾಗ ಮತ್ತು ಕೈ ತಾಗದ ಜಾಗ, ಎರಡರ ಫೋಟೊ ಕೇಳುತ್ತೇನೆ. ಹೊರಮೈಯಲ್ಲಿ ಈ ಎರಡೂ ಒಂದೇ ಬಣ್ಣದಲ್ಲಿದ್ದರೆ ವೀಣೆ ಹಳೆಯದಲ್ಲ, ಬಣ್ಣ ಹಳೆಯದಾಗಿ ಕಾಣುವಂತೆ ಬಳಿದದ್ದು.

ಹಾಗಾದರೆ ಯಾವ ಯಾವ ಫೋಟೊ ಕೇಳಬೇಕು?

ಹರಾಜಿನ ಪುಟದಲ್ಲಿ ಸಾಮಾನ್ಯವಾಗಿ ಇರುವುದು ಮುಂಭಾಗದ ಒಂದು ಚಂದದ ಫೋಟೊ, ಯಾಳಿ ಮುಖದ್ದು ಇನ್ನೊಂದು. ಯಾಳಿ ಮುಖದಿಂದ ನಮಗೆ ಏನೂ ತಿಳಿಯುವುದಿಲ್ಲ, ಅದನ್ನು ಬೇರೆಯಾಗಿ ಕೆತ್ತಿ ಕೂಡಿಸುವುದೂ ಉಂಟು. ನೀವು ಕೇಳಬೇಕಾದವು ಇವು: ದಂಡಿಯ (ಮೆಟ್ಟಿಲು ಕೂತ ಉದ್ದನೆಯ ಭಾಗ) ಹಿಂಬದಿ, ಕೊಡವೂ (ದುಂಡಗಿನ ದೊಡ್ಡ ಭಾಗ) ದಂಡಿಯೂ ಸೇರುವ ಜಾಗ ನಾಲ್ಕೂ ಕಡೆಯಿಂದ, ಒಂದು ಬಿರಡೆ ಹೊರಗೆ ಎಳೆದು ಅದರ ಕಡ್ಡಿ ಮತ್ತು ತೂತು, ಕುದುರೆಯ (ಕೊಡದ ಮೇಲೆ ತಂತಿಗಳನ್ನು ಹೊರುವ ತುಂಡು) ಬುಡ, ತಂತಿ ಪೆಟ್ಟಿಗೆಯ ಒಳಗು, ದಂಡಿಯ ಕೆಳಗಿನ ಸೋರೆಬುರುಡೆ ತಿರುಗಿಸಿ ತೆಗೆದ ಮೇಲೆ ಅದರ ಬಾಯಿ. ಜೊತೆಗೆ ಇನ್ನೊಂದು: ಯಾಳಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದ ಹಾಗೆ, ದಂಡಿಯ ಉದ್ದಕ್ಕೂ ಕೊಡದ ತನಕ ಹಿಡಿದ ಫೋಟೊ. ದಂಡಿ ಬಾಗಿದ್ದರೆ ಅಲ್ಲಿ ಬಿಟ್ಟು ಬೇರೆಲ್ಲೂ ಕಾಣುವುದಿಲ್ಲ.

ಎಲ್ಲವನ್ನೂ ಹಗಲಿನ ಬೆಳಕಿನಲ್ಲಿ, ಫ್ಲ್ಯಾಷ್ ಇಲ್ಲದೆ ತೆಗೆಯಲು ಹೇಳಿ. ನಿಜವಾಗಿ ಮನೆಯ ವೀಣೆ ಮಾರುವವರು ಬೇಸರವಿಲ್ಲದೆ ಕಳಿಸುತ್ತಾರೆ. "ಇಷ್ಟೆಲ್ಲಾ ಆಗಲ್ಲ ಮೇಡಂ, ಬೇರೆಯವರು ಕೂಗ್ತಾ ಇದಾರೆ" ಎಂದರೆ ಅಲ್ಲಿಗೆ ಬಿಡಿ.

ಮರ ನೋಡಿ ವಯಸ್ಸು ಹೇಳಬಹುದೇ?

ವಯಸ್ಸನ್ನು ವರ್ಷದ ಲೆಕ್ಕದಲ್ಲಿ ಹೇಳಲಾಗದು. ಆದರೆ ಹೊಸತೋ ಹಳತೋ ಎನ್ನುವುದನ್ನು ಮರ ಹೇಳುತ್ತದೆ. ನಮ್ಮ ಕಡೆ ವೀಣೆಗೆ ಬೀಟೆಯನ್ನೂ ಹಲಸನ್ನೂ ಬಳಸಿದ್ದಾರೆ. ಈ ಎರಡು ಮರ ಮುದಿಯಾಗುವ ರೀತಿ ತದ್ವಿರುದ್ಧ. ಹಲಸು ಕೊಯ್ದಾಗ ಹಳದಿ. ಗಾಳಿ, ಬೆಳಕು ತಾಗುತ್ತಾ ಹೊಂಬಣ್ಣವಾಗಿ, ಆ ಮೇಲೆ ಗಾಢ ಕಂದಾಗುತ್ತದೆ. ಬೀಟೆ ಕೊಯ್ದಾಗ ನೇರಳೆ ಛಾಯೆಯ ಕಡುಗಂದು, ವರ್ಷಗಟ್ಟಲೆ ಬೆಳಕಿಗೆ ಬಿದ್ದರೆ ಮಂಕಾಗಿ ತಿಳಿಯಾಗುತ್ತದೆ.

ಹಾಗಾಗಿ ಕುದುರೆಯನ್ನು ಎತ್ತಿಸಿ ನೋಡಿ. ದಶಕಗಟ್ಟಲೆ ಒಂದೇ ಕಡೆ ಕೂತಿದ್ದರೆ ಅದರ ಅಡಿಯ ಮರಕ್ಕೂ ಸುತ್ತಲಿನ ಮರಕ್ಕೂ ಬಣ್ಣದಲ್ಲಿ ವ್ಯತ್ಯಾಸ ಇರುತ್ತದೆ, ಕುದುರೆಯ ಕಾಲೂರಿದಲ್ಲಿ ಸಣ್ಣ ತಗ್ಗು ಬಿದ್ದಿರುತ್ತದೆ. ಗೋಡೆಯ ಮೇಲೆ ಹಳೇ ಫೋಟೊ ತೆಗೆದಾಗ ಉಳಿಯುವ ಗುರುತು ನೆನಪಿಸಿಕೊಳ್ಳಿ, ಹಾಗೆಯೇ. ಈ ಗುರುತನ್ನು ಬಣ್ಣದ ಡಬ್ಬಿಯಿಂದ ಮಾಡುವುದು ಬಲು ಕಷ್ಟ.

ಹೊಸ ಮರವನ್ನು ಕಪ್ಪಾಗಿಸಲು ಪೊಟ್ಯಾಸಿಯಂ ಪರ್ಮಾಂಗನೇಟ್ ನೀರು, ಚಹಾದ ಡಿಕಾಕ್ಷನ್, ಶೂ ಪಾಲಿಶ್ ಎಲ್ಲ ಹಚ್ಚುತ್ತಾರೆ. ಆ ಬಣ್ಣ ಕೆತ್ತನೆಯ ಸಂದಿನಲ್ಲಿ ದಟ್ಟವಾಗಿ ನಿಂತಿರುತ್ತದೆ, ಎಳೆಯ ಅಡ್ಡಕ್ಕೆ ಕೊಯ್ದ ಕಡೆ ಹೆಚ್ಚು ಹೀರಿಕೊಂಡು ಕರ್ರಗಾಗಿರುತ್ತದೆ, ಬಿರಡೆ ತೂತಿನೊಳಗೆ ಮಾತ್ರ ಹೋಗಿರುವುದಿಲ್ಲ.

ಸವೆತ ಎಲ್ಲೆಲ್ಲಿ ಇರಬೇಕು?

ನನಗೆ ತುಂಬ ಇಷ್ಟದ ಪ್ರಶ್ನೆ ಇದು. ನಿಮ್ಮ ಮನೆಯಲ್ಲಿ ವೀಣೆ ನುಡಿಸುವವರಿದ್ದರೆ ಎದುರಿಗೆ ಕೂತು ಹತ್ತು ನಿಮಿಷ ಬರಿಯ ಕೈಗಳನ್ನು ನೋಡಿ. ಎಡಗೈ ಹೆಬ್ಬೆರಳು ದಂಡಿಯ ಅಂಚಿಗೆ ಒರಗಿ ಮೇಲೆ ಕೆಳಗೆ ಓಡಾಡುತ್ತದೆ. ಬಲ ಮುಂಗೈ ಕೊಡದ ಅಂಚಿನ ಮೇಲೆ ಕೂತಿರುತ್ತದೆ, ಕಿರುಬೆರಳು ತಾಳದ ತಂತಿ ಮೀಟುತ್ತದೆ. ಸೋರೆಬುರುಡೆ ಎಡತೊಡೆಗೆ ಒತ್ತಿರುತ್ತದೆ. ಮೂವತ್ತು ವರ್ಷ ಹೀಗೇ ನಡೆದರೆ ಬಲಗೈ ಕೂತಲ್ಲಿ ಪಾಲಿಶ್ ಹೋಗಿ, ಬೆವರು ಎಣ್ಣೆ ಕುಡಿದ ಮರ ನುಣುಪಾಗಿ ಬೇರೆಯದೇ ಹೊಳಪು ಪಡೆದಿರುತ್ತದೆ. ಎಡಗಡೆ ದಂಡಿಯ ಅಂಚು ಒಂದೇ ಸಮ ಸವೆದಿರುವುದಿಲ್ಲ: ಹೆಚ್ಚು ನುಡಿಸುವ ಮಧ್ಯ ಸ್ಥಾಯಿಯ ಕಡೆ ಜಾಸ್ತಿ, ಕೊಡದ ಹತ್ತಿರ ಕಡಿಮೆ.

ಮೆಟ್ಟಿಲಿಗೂ ಇದೇ ಮಾತು. ಕಂಚಿನ ಮೆಟ್ಟಿಲ ಮೇಲೆ ಉಕ್ಕಿನ ತಂತಿ ಒತ್ತಿ ಒತ್ತಿ ಗೀರು ಬೀಳುತ್ತದೆ. ಗಮಕಕ್ಕೆ (ಸ್ವರವನ್ನು ತೂಗಲು) ತಂತಿ ಪಕ್ಕಕ್ಕೆ ಎಳೆಯುವುದರಿಂದ ಆ ಗೀರು ಒಂದು ಚುಕ್ಕೆಯಲ್ಲ, ಅಡ್ಡಕ್ಕೆ ಹರಡಿದ ತಗ್ಗು. ಅದು ಸಾರಣಿಯ ಕೆಳಗೆ ಆಳ, ಅನುಮಂದ್ರದ ಕೆಳಗೆ ಅಷ್ಟಿಲ್ಲ. ಮೋಸ ಮಾಡುವವರು ಅರದಿಂದ 24 ಮೆಟ್ಟಿಲಿಗೂ ಒಂದೇ ಅಳತೆಯಲ್ಲಿ ಗೀರು ಹಾಕಿರುತ್ತಾರೆ. ಯಾರೂ 24ನೇ ಮೆಟ್ಟಿಲಿನಲ್ಲೇ ಜೀವಮಾನ ಕಳೆದಿರುವುದಿಲ್ಲ.

ಬಿರಡೆಯ ಕಡ್ಡಿಯಲ್ಲಿ ತೂತಿಗೆ ಉಜ್ಜಿದ ಎರಡು ಹೊಳಪಿನ ಉಂಗುರ ಇರುತ್ತವೆ. ಜಾರದಿರಲೆಂದು ಹಚ್ಚಿದ ಸೀಮೆಸುಣ್ಣ ತೂತಿನ ಅಂಚಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ತೂತು ಕೂಡ ತಂತಿಯ ಎಳೆತಕ್ಕೆ ಕೊಂಚ ಅಂಡಾಕಾರಕ್ಕೆ ತಿರುಗಿರುತ್ತದೆ.

ಹುಳ ತಿಂದ ತೂತುಗಳಿವೆ, ಹಳೆಯದೆಂದು ಒಪ್ಪಿಕೊಳ್ಳಬಹುದೇ?

ಬೇಡ. ಹುಳ ಹೊಸ ಮರವನ್ನೂ ತಿನ್ನುತ್ತದೆ, ಅದರಲ್ಲೂ ತಿರುಳು ಬಿಟ್ಟು ಹೊರಗಿನ ಬಿಳಿ ಮರವನ್ನು. ಮೊಳೆ ಹೊಡೆದು ಮಾಡಿದ ತೂತು ನೇರವಾಗಿ ಒಳಕ್ಕೆ ಇಳಿಯುತ್ತದೆ, ಹುಳದ ದಾರಿ ಒಳಗೆ ಹೋಗಿ ತಿರುಗುತ್ತದೆ. ತೂತಿನ ಬಾಯಲ್ಲಿ ಹಸಿ ಪುಡಿ ಉದುರುತ್ತಿದ್ದರೆ ಹುಳ ಇನ್ನೂ ಒಳಗಿದೆ, ನಿಮ್ಮ ಮನೆಯ ಬಾಗಿಲು ಕಿಟಕಿಗೂ ಬರುತ್ತದೆ.

ಮೇಣ, ಮೆಟ್ಟಿಲು, ಬುರುಡೆ ಎಲ್ಲ ಹೊಸದು ಹಾಕಿಸಿದ್ದಾರಂತೆ. ಹಾಗಿದ್ದರೆ ಅದು ನಕಲಿಯೇ?

ಖಂಡಿತ ಅಲ್ಲ. ಇದನ್ನು ತಪ್ಪು ತಿಳಿದು ಒಳ್ಳೊಳ್ಳೆ ವೀಣೆ ಬಿಟ್ಟವರಿದ್ದಾರೆ. ಮೇಣ ಒಣಗಿ ಬಿರುಕು ಬಿಡುತ್ತದೆ, ಕೆಲವು ವರ್ಷಕ್ಕೊಮ್ಮೆ ಮೇಳ ಕಟ್ಟಿಸಲೇಬೇಕು. ಮೆಟ್ಟಿಲು ಸವೆಯುತ್ತವೆ. ಬಿರಡೆ ಮುರಿಯುತ್ತದೆ. ಸೋರೆಬುರುಡೆ ಒಡೆಯುತ್ತದೆ, ಅದರ ಜಾಗಕ್ಕೆ ಫೈಬರ್ ಅಥವಾ ಕಾಗದದ ಗುಜ್ಜಿನದು ಬರುತ್ತದೆ. ಇವೆಲ್ಲ ಎತ್ತಿನ ಗಾಡಿಯ ಅಚ್ಚು, ಪಟ್ಟಿ ಇದ್ದ ಹಾಗೆ. ನುಡಿಸಿದ ವೀಣೆಯಲ್ಲಿ ಇವು ಬದಲಾಗಿರದಿದ್ದರೇ ಅನುಮಾನ ಪಡಬೇಕು. ವೀಣೆಯ ಜೀವ ಇರುವುದು ಕೊಡ, ಮೇಲ್ಹಲಗೆ, ದಂಡಿ ಈ ಮೂರರಲ್ಲಿ. ಇವು ಮೂರೂ ಒಟ್ಟಿಗೆ ಹುಟ್ಟಿದವೇ ಎಂಬುದು ಮುಖ್ಯ ಪ್ರಶ್ನೆ.

ಒಂದರ ಕೊಡ, ಇನ್ನೊಂದರ ದಂಡಿ ಸೇರಿಸಿ ಮಾರುವುದುಂಟು. ಆಗ ಸೇರುವ ಜಾಗದಲ್ಲಿ ಮರದ ಪುಡಿ, ಅಂಟು ಕಲಸಿ ತುಂಬಿದ ಪಟ್ಟಿ ಕಾಣುತ್ತದೆ. ಕೊಡದ ಮೇಲಿನ ಕುಸುರಿಯ ಬಳ್ಳಿ ದಂಡಿಗೆ ಬಂದಾಗ ಅಗಲವೋ ಬಣ್ಣವೋ ಬದಲಾಗಿರುತ್ತದೆ. ಕೆಲಸಗಾರನ ಕೈ ಮಧ್ಯದಲ್ಲಿ ಬದಲಾಗುವುದಿಲ್ಲ.

ಏಕಾಂಡ ವೀಣೆಯಲ್ಲಿ ಕೊಡವೂ ದಂಡಿಯೂ ಒಂದೇ ದಿಮ್ಮಿಯಲ್ಲಿ ಕೆತ್ತಿದ್ದು, ಬೆಲೆ ಹೆಚ್ಚು. "ಏಕಾಂಡ" ಎಂದು ಬರೆದಿದ್ದರೆ ಮರದ ಎಳೆಯನ್ನು ಬೆರಳಿನಲ್ಲಿ ಹಿಂಬಾಲಿಸಿದ ಹಾಗೆ ಕೊಡದಿಂದ ದಂಡಿಗೆ ನೋಡುತ್ತಾ ಹೋಗಿ. ಎಳೆ ತುಂಡಾಗದೆ ಹರಿಯಬೇಕು.

ಸ್ಕ್ರೂ, ಪಾಲಿಶ್‌ನಿಂದ ಏನಾದರೂ ತಿಳಿಯುತ್ತದೆಯೇ?

ಪ್ಲಸ್ ಗುರುತಿನ ಸ್ಕ್ರೂ ಅಮೆರಿಕದಲ್ಲಿ ಬಳಕೆಗೆ ಬಂದದ್ದೇ 1930ರ ದಶಕದ ನಡುವಿನಲ್ಲಿ. 1900ರ ವೀಣೆಯಲ್ಲಿ ಅದು ಕಂಡರೆ ಕನಿಷ್ಠ ಆ ಭಾಗ ಆಮೇಲಿನದು. ಒಂದು ಸ್ಕ್ರೂ ಬದಲಾಗಿದ್ದರೆ ದುರಸ್ತಿ, ಎಲ್ಲವೂ ಅದೇ ಆಗಿದ್ದು ಹಳೇ ತೂತಿನ ಗುರುತೂ ಇಲ್ಲದಿದ್ದರೆ ಹೊಸ ವೀಣೆ. ಗಿಟಾರಿನಂತೆ ತಿರುಗಿಸುವ ಗೇರ್ ಬಿರಡೆಗಳೂ ಈಚಿನವು.

ಹಳೇ ಪಾಲಿಶ್ ಅರಗಿನದು. ವೀಣೆ ಕೈಗೆ ಸಿಕ್ಕರೆ, ನೋಟು ಪರೀಕ್ಷಿಸುವ ನೇರಳೆ ಟಾರ್ಚನ್ನು ಕತ್ತಲಲ್ಲಿ ಬಿಟ್ಟು ನೋಡಿ. ಅರಗು ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ, ಆಮೇಲೆ ಬಳಿದು ಮುಚ್ಚಿದ ಜಾಗಗಳು ಬೇರೆ ತೇಪೆಯಾಗಿ ಎದ್ದು ಕಾಣುತ್ತವೆ.

ದಂತದ ಕುಸುರಿ ಇದೆ ಎಂದು ಬರೆದಿದ್ದಾರೆ. ಅದು ಒಳ್ಳೆಯದಲ್ಲವೇ?

ಇಲ್ಲಿ ತುಂಬ ಎಚ್ಚರ ಬೇಕು. ಹಳೇ ಮೈಸೂರು ವೀಣೆಗಳಲ್ಲಿ ಆನೆ ದಂತ, ಸಾರಂಗದ ಕೊಂಬು ಬಳಸಿದ್ದು ನಿಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತದ ಆನೆ ದಂತದ ವ್ಯಾಪಾರವನ್ನು, 1991ರ ತಿದ್ದುಪಡಿ ಆಫ್ರಿಕಾದಿಂದ ತಂದ ದಂತದ ವ್ಯಾಪಾರವನ್ನೂ ನಿಲ್ಲಿಸಿದವು. "ಹಳೇದು, ಪರವಾಗಿಲ್ಲ" ಎಂಬ ಮಾತು ನಡೆಯುವುದಿಲ್ಲ. ಕೊಂಡವರಿಗೂ ತೊಂದರೆಯೇ. ನಿಜವಾದ ದಂತ ಎಂದು ಮಾರುವವರು ಘೋಷಿಸಿದರೆ ಆ ವೀಣೆ ಎಷ್ಟೇ ಚಂದವಿರಲಿ, ಕೂಗಬೇಡಿ.

ಹೆಚ್ಚಿನ ಸಲ ಅದು ದಂತವೇ ಆಗಿರುವುದಿಲ್ಲ. ದಂತದ ಅಡ್ಡಕೊಯ್ತದಲ್ಲಿ ಬಾಗಿದ ಸಣ್ಣ ಗೆರೆಗಳು ಒಂದನ್ನೊಂದು ದಾಟುತ್ತಾ ಬಲೆಯಂತೆ ಕಾಣುತ್ತವೆ. ಮೂಳೆಯಲ್ಲಿ ಸೂಜಿಮೊನೆಯಂಥ ಕಪ್ಪು ಚುಕ್ಕೆ ಇರುತ್ತವೆ. ಪ್ಲಾಸ್ಟಿಕ್ಕಿನಲ್ಲಿ ಎರಡೂ ಇಲ್ಲ, ಇಲ್ಲವೇ ಗೆರೆಗಳು ಅಳತೆಪಟ್ಟಿ ಇಟ್ಟು ಎಳೆದ ಹಾಗೆ ಸಮಾನಾಂತರ. ಬಿಸಿ ಸೂಜಿ ಚುಚ್ಚಿ ನೋಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ವಾದ್ಯ ಹಾಳಾಗುತ್ತದೆ.

ವೀಣೆ ಶೇಷಣ್ಣನವರು ನುಡಿಸಿದ್ದು, ಅರಮನೆಯದ್ದು ಎನ್ನುತ್ತಾರೆ. ಪರೀಕ್ಷಿಸುವುದು ಹೇಗೆ?

ಮೈಸೂರು ಆಸ್ಥಾನದ ವೀಣಾ ವಿದ್ವಾಂಸರಾದ ಶೇಷಣ್ಣನವರು 1852ರಿಂದ 1926ರವರೆಗೆ ಬಾಳಿದವರು. ಆಸ್ಥಾನದ ಇನ್ನೊಬ್ಬ ವೀಣಾ ವಿದ್ವಾಂಸರಾದ ವೆಂಕಟಗಿರಿಯಪ್ಪನವರು ತೀರಿಕೊಂಡದ್ದು 1952ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು 1940ರಲ್ಲಿ. ಮೊದಲು ಕಥೆಯ ಇಸವಿಗಳನ್ನು ಇವುಗಳ ಜೊತೆ ಹೊಂದಿಸಿ. "1885ರಲ್ಲಿ ಈಗಿನ ಅರಮನೆಯ ದರ್ಬಾರಿನಲ್ಲಿ ನುಡಿಸಿದ್ದು" ಎಂದು ಒಬ್ಬರು ಬರೆದಿದ್ದರು. ಹಳೇ ಮರದ ಅರಮನೆ ಸುಟ್ಟದ್ದು 1897ರಲ್ಲಿ, ಈಗಿನದು ಪೂರ್ತಿಯಾದದ್ದು 1912ರಲ್ಲಿ. ಆ ಕಥೆ ಅಲ್ಲಿಗೇ ನಿಂತಿತು.

ಜೊತೆಗೆ ಚೀಟಿ, ರಸೀದಿ, ಲೇಬಲ್ ಕೊಟ್ಟರೆ ಇನ್ನೂ ಸುಲಭ. ಆರಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು 1973ರ ನವೆಂಬರ್ 1ರಿಂದ. ಆಣೆ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ರಿಂದ. 1920ರ ಪತ್ರವೆಂದು ಬಾಲ್‌ಪೆನ್ನಿನಲ್ಲಿ ಬರೆದ ಕಾಗದ ತೋರಿಸಿದರೆ ಮುಂದೆ ನೋಡಬೇಕಾಗಿಯೇ ಇಲ್ಲ.

ವಿದ್ವಾಂಸರು ವೀಣೆ ಹಿಡಿದು ಕೂತ ಹಳೇ ಫೋಟೊ ತೋರಿಸಿ "ಇದೇ ಆ ವೀಣೆ" ಎಂದರೆ, ಮರದ ಗಂಟು, ಎಳೆಯ ಸುಳಿ, ಕುಸುರಿಯಲ್ಲಿ ಉದುರಿದ ಎಲೆ, ಇಂಥವನ್ನು ಹೋಲಿಸಿ. ಯಾಳಿಯ ಆಕಾರ ಹೋಲುತ್ತದೆ ಎಂಬುದು ಸಾಕ್ಷಿಯಲ್ಲ, ಒಂದೇ ಮಾದರಿಯಲ್ಲಿ ಎಷ್ಟೋ ಮಾಡಿರುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಕುಟುಂಬದವರ ಬರಹವೂ ಅಂಥ ಫೋಟೊವೂ ಎರಡೂ ಇಲ್ಲದಿದ್ದರೆ ದೊಡ್ಡವರ ಹೆಸರಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬಾರದು. ಹಾಗೆ ಹೆಸರು ಬಳಸುವುದು ಆ ವಿದ್ವಾಂಸರಿಗೂ ಮಾಡುವ ಅವಮಾನ.

ಕಣ್ಣು ಪಳಗಿಸಿಕೊಳ್ಳಲು ಎಲ್ಲಿಗೆ ಹೋಗಬೇಕು?

ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ ಹಳೆಯ ವಾದ್ಯಗಳಿವೆ. ಅವಸರ ಮಾಡದೆ ನೋಡಿ. ಅದಕ್ಕಿಂತ ಒಳ್ಳೆಯದು, ನಿಮ್ಮ ಗುರುಗಳ ಮನೆಯ ವೀಣೆಯನ್ನು ಅವರ ಅನುಮತಿ ಪಡೆದು ತಿರುಗಿಸಿ ಹಿಂಬದಿ ನೋಡುವುದು.

ತಂಜಾವೂರಿನದೋ ಮೈಸೂರಿನದೋ ಎಂದು ಗೊತ್ತಾಗುವುದು ಹೇಗೆ?

ತಂಜಾವೂರು ವೀಣೆ ಹೆಚ್ಚಾಗಿ ಹಲಸಿನದು, ಉಬ್ಬು ಕೆತ್ತನೆ ಎದ್ದು ಕಾಣುತ್ತದೆ. ಮೈಸೂರಿನದರಲ್ಲಿ ಬೀಟೆ ಹೆಚ್ಚು, ಮರದೊಳಗೆ ಕೂರಿಸಿದ ಚಪ್ಪಟೆ ಕುಸುರಿ ಹೆಚ್ಚು. ಎರಡೂ ಊರಿನ ಗುಣ ಬೆರೆತ ವೀಣೆಗಳೂ ಬೇಕಾದಷ್ಟಿವೆ. ತಂಜಾವೂರು ವೀಣೆಗೂ ಮೈಸೂರಿನ ಬೀಟೆ ಕುಸುರಿಗೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆ ಚೀಟಿ ಯಾವುದೇ ವೀಣೆಯ ವಯಸ್ಸನ್ನು ದೃಢಪಡಿಸುವುದಿಲ್ಲ.

ನೂರು ವರ್ಷದ್ದಾದರೆ ವಿದೇಶದಲ್ಲಿರುವ ಮಗಳಿಗೆ ಕಳಿಸಬಹುದೇ?

ಆಗುವುದಿಲ್ಲ. ನೂರು ವರ್ಷಕ್ಕೆ ಮೇಲ್ಪಟ್ಟ ಇಂಥ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ಅಡಿ ಬರುತ್ತವೆ, ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಂಥವನ್ನು ವ್ಯಾಪಾರ ಮಾಡುವವರಿಗೂ ಪರವಾನಗಿ ಬೇಕು. "ನೂರು ವರ್ಷದ್ದು, ವಿದೇಶಕ್ಕೂ ಕಳಿಸುತ್ತೇವೆ" ಎಂದು ಒಂದೇ ಉಸಿರಿನಲ್ಲಿ ಬರೆದಿದ್ದರೆ, ಎರಡರಲ್ಲಿ ಒಂದು ಸುಳ್ಳು ಇಲ್ಲವೇ ಕಾನೂನಿಗೆ ವಿರುದ್ಧ.

ದುಡ್ಡು ಕಟ್ಟುವಾಗ?

ಹರಾಜಿನ ತಾಣದ ಒಳಗೇ ಕಟ್ಟಿ. "ಯುಪಿಐ ಮಾಡಿ, ಕಡಿಮೆಗೆ ಕೊಡ್ತೀನಿ" ಎಂದರೆ ಒಪ್ಪಬೇಡಿ. ಕೂಗುವ ಮೊದಲು ನಿಮ್ಮ ಗರಿಷ್ಠ ಮೊತ್ತವನ್ನು ಕಾಗದದ ಮೇಲೆ ಬರೆದಿಡಿ, ಅದರಲ್ಲಿ ಮೇಳ ಕಟ್ಟಿಸುವ ಖರ್ಚನ್ನು ಮೊದಲೇ ಕಳೆಯಿರಿ. ಬೆಂಗಳೂರು, ಮಂಡ್ಯದಂಥ ಹತ್ತಿರದ ಊರಾದರೆ ರೈಲು ಹತ್ತಿ ಹೋಗಿ ಕಣ್ಣಾರೆ ನೋಡಿ ಬನ್ನಿ.

ಮೋಸ ಹೋದೆ. ಈಗ ಏನು ಮಾಡಲಿ?

ಮೊದಲು ತಾಣದ ದೂರು ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಹೂಡಬಹುದು, ಮಾರಿದವರು ಯಾವ ಊರಿನವರೇ ಇರಲಿ. ದುಡ್ಡು ಪಡೆದು ವೀಣೆ ಕಳಿಸದೇ ಇದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ಅಂದು ನಾಚಿಕೆಯಿಂದ ಯಾರಿಗೂ ಹೇಳದೆ ಎರಡು ತಿಂಗಳು ಕಳೆದೆ. ನೀವು ಹಾಗೆ ಮಾಡಬೇಡಿ.

ವೀಣೆ ಮನೆಗೆ ಬಂತು. ಮೊದಲು ಏನು ಮಾಡಬೇಕು?

ಪೆಟ್ಟಿಗೆ ಬಿಚ್ಚುವ ಮೊದಲೇ ವಿಡಿಯೊ ಶುರು ಮಾಡಿ, ವೀಣೆ ಪೂರ್ತಿ ಹೊರಗೆ ಬರುವ ತನಕ ನಿಲ್ಲಿಸಬೇಡಿ. ಮೇಲಿನ ಫೋಟೊಗಳನ್ನೆಲ್ಲ ನೀವೇ ಇನ್ನೊಮ್ಮೆ ತೆಗೆದು ಅವರು ಕಳಿಸಿದ್ದರ ಜೊತೆ ಇಟ್ಟು ನೋಡಿ, ಕಳಿಸಿದ್ದು ಬೇರೆಯದೇ ವೀಣೆ ಆಗಿರಬಹುದು. ಒರೆಸಬೇಡಿ, ಎಣ್ಣೆ ಹಚ್ಚಬೇಡಿ, ಮರಳಿಸುವ ಗಡುವು ಮುಗಿಯುವ ತನಕ ಪಾಲಿಶ್ ಮಾತೇ ಬೇಡ. ತಂತಿಗಳನ್ನು ಅಂದೇ ಶ್ರುತಿಗೆ ಏರಿಸಬೇಡಿ. ಒಣ ಊರಿನಿಂದ ಮೈಸೂರಿನ ಮಳೆಗಾಲಕ್ಕೆ ಬಂದ ಮರ ಹಿಗ್ಗುತ್ತದೆ, ಬಿರಡೆ ಬಿಗಿಯುತ್ತದೆ. ಒಂದು ವಾರ ಗಾಳಿಯಾಡುವ, ಬಿಸಿಲು ಬೀಳದ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿಸಿ. ಆಮೇಲೆ ದಿನಕ್ಕಿಷ್ಟು ಎಂದು ಸಾರಣಿಯನ್ನು ಏರಿಸುತ್ತಾ, ಪ್ರತಿ ಸಲವೂ ಕೊಡ ದಂಡಿ ಸೇರುವಲ್ಲಿ ಬೆರಳಾಡಿಸಿ ನೋಡಿ, ಕೂದಲೆಳೆಯಷ್ಟೂ ಬಾಯಿ ಬಿಟ್ಟಿರಬಾರದು.